ಬಾಣಲೆ ನೋಡಲು ಗೋಕಾಕಕ್ಕೆ

ಊರು ನೋಡಲೆಂದು ಹೋಗುವವರು ಜಲಪಾತವನ್ನೋ ಗುಡಿಯನ್ನೋ ನೋಡಿ ಬರುತ್ತಾರೆ. ನಾನು ಗೋಕಾಕಕ್ಕೆ ಹೋದದ್ದು ಒಂದು ಬಾಣಲೆಯನ್ನು ನೋಡುವುದಕ್ಕೆ. ಕೇಳಿದವರೆಲ್ಲ ನಕ್ಕರು. ಆದರೆ ಆ ಪ್ರಯಾಣಕ್ಕೆ ಕಾರಣವಾದ ಸಂಗತಿ ನಗುವಂಥದಾಗಿರಲಿಲ್ಲ.

ನಮ್ಮ ಅತ್ತೆಯವರ ತವರು, ಗಂಡನ ಮನೆ ಎರಡೂ ಗೋಕಾಕವೇ. 1998ರಲ್ಲಿ ಮಾವನವರು ತೀರಿಕೊಂಡ ಬಳಿಕ ಅವರು ಬೆಂಗಳೂರಿಗೆ ನಮ್ಮ ಬಳಿಗೆ ಬಂದರು. ಬರುವಾಗ ಎರಡು ಪೆಟ್ಟಿಗೆಗಳನ್ನೂ ಒಂದು ದೊಡ್ಡ ಹಿತ್ತಾಳೆಯ ಬೋಗುಣಿಯನ್ನೂ ತಂದರು. ಆ ಮನೆತನದ ಯಾವ ಹೆಣ್ಣುಮಗಳು ಹೆತ್ತರೂ ಬಾಣಂತಿಯ ಕರದಂಟು ಆ ಬೋಗುಣಿಯಲ್ಲಿಯೇ ಕಲೆಯಬೇಕು, ಅತ್ತೆಯವರ ಕೈಯಿಂದಲೇ ಆಗಬೇಕು. ನಾನು ಹೆತ್ತಾಗಲೂ ಮೈಸೂರಿನ ನನ್ನ ತವರಿಗೆ ಡಬ್ಬಿ ತುಂಬ ಬಂದಿತ್ತು. ಸಜ್ಜಿಗೆ, ಮೈಸೂರುಪಾಕಗಳಲ್ಲಿ ಬೆಳೆದ ನಾನು ಅಂದು ಮೊದಲ ತುಂಡನ್ನು ಬಾಯಿಗಿಟ್ಟು, ಇದೇನು ಸಿಹಿಯೋ ಔಷಧವೋ ಎಂದು ಬೆರಗಾಗಿದ್ದೆ. ಒಂದು ವಾರ ಕಳೆಯುವಷ್ಟರಲ್ಲಿ ಡಬ್ಬಿಯನ್ನು ಅಮ್ಮ ಎತ್ತರದ ಅಟ್ಟದ ಮೇಲಿಡಬೇಕಾಯಿತು.

ಈಗ ಅತ್ತೆಯವರಿಗೆ ಎಂಬತ್ತಾರು. ಬೆಳಿಗ್ಗೆ ಕಂಡವರನ್ನು ಸಂಜೆ ಮರೆಯುತ್ತಾರೆ. ಕಳೆದ ಆಷಾಢದಲ್ಲಿ ನನ್ನ ಮಗಳಿಗೆ ಏಳು ತಿಂಗಳು ತುಂಬಿದಾಗ ಅದೊಂದು ಮಾತ್ರ ಅವರಿಗೆ ಮರೆಯಲಿಲ್ಲ. "ಅಂಟು ತಂದಿಟ್ಟೀರೇನು?" ಎಂದು ದಿನಕ್ಕೆ ನಾಲ್ಕು ಬಾರಿ ಕೇಳುತ್ತಿದ್ದರು. ಅವರ ಕೈ ನಡುಗುತ್ತದೆ, ಸೌಟು ಹಿಡಿಯಲಾರರು. ಆದುದರಿಂದ ನಾನು ಪುಸ್ತಕ, ಪೆನ್ನು ಹಿಡಿದು ಅವರ ಮುಂದೆ ಕುಳಿತೆ.

"ಅತ್ತೆ, ಬೆಲ್ಲ ಎಷ್ಟು ಹಾಕಬೇಕು?"

"ಹಿಡಿಯೂವಷ್ಟು."

"ತುಪ್ಪ?"

"ಬೇಕಾದಷ್ಟು." ಸ್ವಲ್ಪ ಹೊತ್ತು ಸುಮ್ಮನಿದ್ದು, ಬೇಸರದಿಂದ ಹೇಳಿದರು: "ಮಾಡೂದು ನನಗ ಗೊತ್ತೈತಿ ಯವ್ವಾ, ಹೇಳೂದು ಗೊತ್ತಿಲ್ಲ."

ನಾನು ಪುಸ್ತಕದಲ್ಲಿ "ಬೆಲ್ಲ: ಒಂದು ಹಿಡಿ" ಎಂದು ಬರೆದುಕೊಂಡೆ.

ಕರದಂಟು ಎಂದರೆ ಕರಿದ ಅಂಟು. ಜಾಲಿಯ ಜಾತಿಯ ಮರಗಳಿಂದ ಒಸರಿ ಗಟ್ಟಿಯಾಗುವ ಅಂಟಿನ ಹರಳುಗಳನ್ನು ತುಪ್ಪದಲ್ಲಿ ಕರಿದು, ಒಣಕೊಬ್ಬರಿ, ಉತ್ತತ್ತಿ, ಬಾದಾಮಿ, ಗೋಡಂಬಿ, ದ್ರಾಕ್ಷಿ, ಗಸಗಸೆಗಳನ್ನು ಕೂಡಿಸಿ ಬೆಲ್ಲದಲ್ಲಿ ಹಿಡಿಸಿದರೆ ಕರದಂಟಾಗುತ್ತದೆ. ಇದನ್ನೇ ಉಂಡೆ ಕಟ್ಟಿದರೆ ಅಂಟಿನುಂಡೆ. ಕೇಳುವುದಕ್ಕೆ ಇಷ್ಟೇ. ಮಾಡುವುದಕ್ಕೆ ಕುಳಿತಾಗ ಮೊದಲ ದಿನವೇ ನನ್ನ ಗರ್ವ ಮುರಿಯಿತು. ಹೊರಗೆ ಜಿಟಿಜಿಟಿ ಮಳೆ. ಅಂಗಡಿಯಿಂದ ತಂದ ಅಂಟನ್ನು ಕಾದ ತುಪ್ಪಕ್ಕೆ ಒಮ್ಮೆಗೇ ಸುರಿದೆ. ತುಪ್ಪ ತಣ್ಣಗಾಯಿತು, ಹರಳುಗಳು ಅರಳುವುದರ ಬದಲು ಒಂದನ್ನೊಂದು ತಬ್ಬಿಕೊಂಡು ಮುದ್ದೆಯಾದವು. ಒಂದು ಹಿಡಿ ಬೆಲ್ಲಕ್ಕೆ ಅಷ್ಟು ಕೊಬ್ಬರಿ ಹಿಡಿಯಲೂ ಇಲ್ಲ. ಆದದ್ದು ಉಂಡೆಯಲ್ಲ, ಹುಡಿ. ಆ ಹುಡಿಯಲ್ಲಿ ಸಿಕ್ಕ ಹಸಿ ಅಂಟು ಹಲ್ಲಿಗೆ ಮೆತ್ತಿಕೊಂಡು ಮನೆಯವರು ಅರ್ಧ ಗಂಟೆ ಮಾತಾಡಲಿಲ್ಲ.

ಆಗ ನಿಶ್ಚಯಿಸಿದೆ: ಹುಟ್ಟಿದ ಊರಿನಲ್ಲಿ ಇದನ್ನು ಹೇಗೆ ಮಾಡುತ್ತಾರೋ ಕಣ್ಣಾರೆ ಕಂಡು ಬರಬೇಕು. ಶ್ರಾವಣದ ಮೊದಲ ವಾರ ರಾತ್ರಿಯ ರೈಲು ಹತ್ತಿದೆ.

ಬೆಳಗಾವಿಯಲ್ಲಿಳಿದು ಬಸ್ಸು ಹಿಡಿದರೆ ದಾರಿಯುದ್ದಕ್ಕೂ ಕಬ್ಬಿನ ಗದ್ದೆಗಳೂ ಗೋವಿನಜೋಳದ ಹೊಲಗಳೂ ಬೆನ್ನು ಹತ್ತಿ ಬರುತ್ತವೆ. ಊರು ಸೇರುವ ಮುನ್ನ ಜಲಪಾತವನ್ನು ನೋಡದೆ ಹೋಗುವುದು ಅಪಚಾರವೆಂದು ಪಕ್ಕದಲ್ಲಿ ಕುಳಿತಿದ್ದ ಮುದುಕರೊಬ್ಬರು ಅಪ್ಪಣೆ ಕೊಡಿಸಿದ್ದರಿಂದ ಅಲ್ಲಿಯೇ ಇಳಿದೆ. ಸಹ್ಯಾದ್ರಿಯಲ್ಲಿ ಹುಟ್ಟಿ ಕೃಷ್ಣೆಯನ್ನು ಸೇರಲು ಹೊರಟ ಘಟಪ್ರಭೆ ಇಲ್ಲಿ ಮರಳುಗಲ್ಲಿನ ಬಂಡೆಯ ಅಂಚಿನಿಂದ ಸುಮಾರು 52 ಮೀಟರು, ಎಂದರೆ 170 ಅಡಿಗಳಷ್ಟು ಕೆಳಕ್ಕೆ ಧುಮುಕುತ್ತದೆ. ಶ್ರಾವಣದ ನೀರು ಕೆಂಪು ಮಣ್ಣಿನ ಬಣ್ಣದ್ದು. ಆಗತಾನೇ ಬೆಲ್ಲದ ಪಾಕ ಹದಗೆಟ್ಟು ಬಂದಿದ್ದ ನನ್ನ ಕಣ್ಣಿಗೆ ಆ ನೊರೆ, ಆ ಬಣ್ಣ, ಯಾವುದೋ ದೊಡ್ಡ ಕೊಪ್ಪರಿಗೆಯಲ್ಲಿ ಬೆಲ್ಲ ಕುದಿಯುತ್ತಿರುವಂತೆಯೇ ಕಂಡಿತು. ಪಕ್ಕದಲ್ಲಿ ಚಾಲುಕ್ಯರ ಕಾಲದ ಗುಡಿ. ಹೊಳೆಯ ಮೇಲೆ ತೂಗುಸೇತುವೆ. ಈ ನೀರಿನ ಬಲವನ್ನು ನಂಬಿ 1880ರ ದಶಕದಲ್ಲಿ ಎದ್ದ ಹತ್ತಿಯ ಗಿರಣಿ. ಅತ್ತೆಯವರು ಹುಡುಗಿಯಾಗಿದ್ದಾಗ ಗಿರಣಿಯ ಕೂಗು ಕೇಳಿ ಒಲೆ ಹೊತ್ತಿಸುತ್ತಿದ್ದರೆಂದು ನಮ್ಮವರು ಹೇಳಿದ್ದು ನೆನಪಾಯಿತು. ಕೈಗಡಿಯಾರವಿಲ್ಲದ ಅಡುಗೆಮನೆಗೂ ಕಾಲ ತಿಳಿಸುವವರು ಇದ್ದೇ ಇರುತ್ತಾರೆ.

ಊರಿನ ಪೇಟೆಯಲ್ಲಿ ಎರಡು ವಸ್ತುಗಳು ಹೆಸರಾದವು: ಮರದ ಬಣ್ಣದ ಗೊಂಬೆಗಳು ಮತ್ತು ಕರದಂಟು. ಗೊಂಬೆ ಮಾಡುವವರ ಕೈಯಲ್ಲಿ ಹಗುರವಾದ ಮರ ಮಾವಿನ ಹಣ್ಣಾಗಿ, ಬದನೆಕಾಯಾಗಿ ತಿನ್ನುವ ಆಸೆ ಹುಟ್ಟಿಸುತ್ತದೆ. ಕರದಂಟಿನ ಅಂಗಡಿಗಳಲ್ಲಿ ಪೊಟ್ಟಣಗಳ ಸಾಲು. ಬಾಗಲಕೋಟೆ ಜಿಲ್ಲೆಯ ಅಮೀನಗಡದ ಕರದಂಟಿಗೂ ಇಂಥದೇ ಖ್ಯಾತಿಯುಂಟು. ಯಾವುದು ಮಿಗಿಲೆಂದು ಈ ಪೇಟೆಯಲ್ಲಿ ನಿಂತು ಕೇಳುವ ಅವಿವೇಕವನ್ನು ನಾನು ಮಾಡಲಿಲ್ಲ.

ಒಂದು ಅಂಗಡಿಯ ಯಜಮಾನರಲ್ಲಿ ನನ್ನ ಕಥೆಯನ್ನು ಹೇಳಿಕೊಂಡೆ. ಅತ್ತೆಯವರ ಓಣಿಯ ಹೆಸರು ಹೇಳಿದ್ದೇ ತಡ, "ಹಂಗಾರ ನೀವು ನಮ್ಮೂರ ಸೊಸೀನ ಆದ್ರಿ. ಒಳಗ ಬರ್ರಿ ಅಕ್ಕಾರ" ಎಂದು ಕರೆದರು. ಹಿಂಭಾಗದಲ್ಲಿ ಒಲೆಗಳು ಉರಿಯುತ್ತಿದ್ದವು. ಅಂಟಿನ ಹರಳುಗಳನ್ನು ಒಲೆಯ ಬಳಿ ಅಗಲವಾದ ಪರಾತದಲ್ಲಿ ಹರವಿ ಬೆಚ್ಚಗಿಟ್ಟಿದ್ದರು. ಬಾಣಲೆಯ ಮುಂದಿದ್ದ ಹಿರಿಯ ಕೆಲಸಗಾರರು ಒಂದೊಂದೇ ಹಿಡಿ ಅಂಟನ್ನು ತುಪ್ಪಕ್ಕೆ ಬಿಡುತ್ತಿದ್ದರು. ಹರಳು ಚಿಟಪಟ ಸದ್ದು ಮಾಡುತ್ತ ಹಲವು ಪಟ್ಟು ಹಿಗ್ಗಿ, ಅರಳಿನಂತೆ ಬೆಳ್ಳಗಾಗಿ ಮೇಲೆ ತೇಲುತ್ತಿತ್ತು.

ಕಾರಣವನ್ನು ಯೋಚಿಸಿದರೆ ಸರಳ. ಹರಳಿನೊಳಗೆ ಉಳಿದ ತುಸು ನೀರಿನಂಶ ಕಾವಿಗೆ ಆವಿಯಾಗಿ ಹೊರಗೆ ನುಗ್ಗುವಾಗ ಅಂಟು ಉಬ್ಬುತ್ತದೆ. ಮೇಲ್ಮೈ ತೇವವಾಗಿದ್ದರೆ ಹರಳುಗಳು ಒಂದಕ್ಕೊಂದು ಅಂಟುತ್ತವೆ. ತುಪ್ಪದ ಕಾವು ಕಡಿಮೆಯಾದರೆ ಒಳಗು ಹಸಿಯಾಗಿ ಉಳಿಯುತ್ತದೆ. ಹೆಚ್ಚಾದರೆ ಹೊರಗು ಕಂದಿ ಒಳಗು ಹಾಗೆಯೇ ಇರುತ್ತದೆ. ಬೆರಳಿನಲ್ಲಿ ಹಿಸುಕಿದಾಗ ಪೂರ್ತಿ ಪುಡಿಯಾದರೆ ಅಂಟು ಕರಿದಿದೆಯೆಂದು ಅರ್ಥ.

ಅಂಟು, ಉತ್ತತ್ತಿ, ಜೊತೆಗೆ ಎರಡು ಪೊಟ್ಟಣ ಕರದಂಟು ಕೊಂಡು ಊರಿಗೆ ಮರಳಿದೆ. ಅತ್ತೆಯವರು ಪೊಟ್ಟಣದ ಒಂದು ತುಂಡನ್ನು ಹಾಲಿನಲ್ಲಿ ನೆನೆಸಿ ತಿಂದರು. ಮುಖ ಅರಳಿತು. "ನಮ್ಮೂರದು" ಎಂದರು. ಕೆಲಸ ಮುಗಿಯಿತೆಂದು ನಾನು ಹಿಗ್ಗುತ್ತಿರುವಾಗಲೇ ಮುಂದಿನ ಮಾತು ಬಂತು: "ಅಂಗಡೀದು ಚಲೋ ಐತಿ. ಆದ್ರ ಇದು ಬಾಣಂತೀದಲ್ಲ." ಬಾಣಂತಿಯದಕ್ಕೆ ಕೊಬ್ಬರಿ ಹೆಚ್ಚು, ಬೆಲ್ಲ ಮಿತ, ಹುರಿದ ಮೆಂತ್ಯವೂ ಒಣಶುಂಠಿಯೂ ಬೀಳಬೇಕು, ಹಲ್ಲಿಗೆ ಕಷ್ಟ ಕೊಡದಂತೆ ಮೆತ್ತಗಿರಬೇಕು. ಇಷ್ಟನ್ನು ಹೇಳಿದವರು ಮತ್ತೆ ಮೌನವಾದರು.

ಎರಡನೆಯ ಸಲ ಅಂಟು ಚೆನ್ನಾಗಿಯೇ ಅರಳಿತು. ಬಿಸಿಲಿಲ್ಲದ ಬೆಂಗಳೂರಿನಲ್ಲಿ ಅದನ್ನು ಒಣಗಿಸಲು, ದೋಸೆ ಹುಯ್ದು ಉರಿ ಆರಿಸಿದ ಕಾವಲಿಯ ಮೇಲೆ ಬಟ್ಟೆ ಹಾಸಿ ಹರವಿದ್ದೆ. ಆದರೆ ಅಂಗಡಿಯ ಗಟ್ಟಿತನ ಕಣ್ಣಿಗೆ ಕಟ್ಟಿತ್ತಾದ್ದರಿಂದ ಬೆಲ್ಲವನ್ನು ಬಹಳ ಹೊತ್ತು ಕುದಿಸಿದೆ. ತಣಿದ ಮೇಲೆ ಅದು ಕಲ್ಲಾಯಿತು. ನಮ್ಮವರು ಮಾತನಾಡದೆ ಒಳಗೆ ಹೋಗಿ ಅಡಕೊತ್ತನ್ನು ತಂದು ತಟ್ಟೆಯ ಪಕ್ಕದಲ್ಲಿಟ್ಟರು.

ಭಾದ್ರಪದ ಬಂತು. ಮಗಳಿಗೆ ದಿನಗಳು ಹತ್ತಿರವಾದವು. ಮೂರನೆಯ ಸಲ ಬಾಣಲೆ ಇಟ್ಟ ದಿನ ಅತ್ತೆಯವರು ನಡುಮನೆಯಲ್ಲಿ ಗೋಡೆಗೊರಗಿ ಕುಳಿತಿದ್ದರು. ಒಲೆ ಅವರಿಗೆ ಕಾಣುತ್ತಿರಲಿಲ್ಲ. ಮೊದಲ ಹಿಡಿ ಅಂಟು ತುಪ್ಪಕ್ಕೆ ಬಿದ್ದ ಕ್ಷಣದಲ್ಲಿ ಅಲ್ಲಿಂದಲೇ ಕೂಗಿದರು: "ಉರಿ ಜಾಸ್ತಿ ಆತು. ಸಣ್ಣ ಮಾಡು."

ನಾನು ಓಡಿ ಬಂದು, "ನಿಮಗೆ ಹೇಗೆ ಗೊತ್ತಾಯಿತು ಅತ್ತೆ?" ಎಂದೆ.

"ಸಪ್ಪಳ ಕೇಳ್ಸೂದಿಲ್ಲೇನು?" ಎಂದು ನನ್ನನ್ನೇ ಗದರಿದರು.

ಎರಡು ತಿಂಗಳಿನಿಂದ ನಾನು ಮಾಡಿದ ತಪ್ಪು ಆಗ ಹೊಳೆಯಿತು. ಹೇಳಿ ಎಂದರೆ ಅವರು ಹೇಳಲಾರರು. ಕಣ್ಣೆದುರಿಗೆ ತಪ್ಪು ಮಾಡಿದರೆ ತಿದ್ದದೆ ಇರಲಾರರು. ಕುರ್ಚಿಯನ್ನು ಅಡುಗೆಮನೆಗೆ ತಂದು ಅವರನ್ನು ಒಲೆಯ ಬಳಿ ಕೂರಿಸಿದೆ. ಉತ್ತತ್ತಿಯನ್ನು ಮಿಕ್ಸಿಗೆ ಹಾಕಲು ಹೋದರೆ "ಕುಟ್ಟು, ರಾಡಿ ಮಾಡಬ್ಯಾಡ" ಎಂದರು. ಕೊಬ್ಬರಿ ಹುರಿಯುವಾಗ ಘಮ ಬಂದೊಡನೆ "ಸಾಕು" ಎಂದರು. ಬೆಲ್ಲಕ್ಕೆ ಒಂದು ಚಮಚ ತುಪ್ಪ ಬೆರೆಸಿ ಕರಗಿಸಿದೆ; ನೊರೆಯೆದ್ದ ಕೂಡಲೇ ಅವರ ಕೈ ತಾನಾಗಿಯೇ ಮೇಲೆದ್ದಿತು. ಇಳಿಸಿದೆ. ಎಲ್ಲವನ್ನೂ ಹಿತ್ತಾಳೆಯ ಬೋಗುಣಿಯಲ್ಲಿ ಕೂಡಿಸಿ, ಬೆಲ್ಲವನ್ನು ಸ್ವಲ್ಪಸ್ವಲ್ಪವಾಗಿ ಹುಯ್ಯುತ್ತ ಕಲೆಸುತ್ತಿರುವಾಗ ಅವರು ಮುಂದೆ ಬಾಗಿ ಒಂದಿಷ್ಟನ್ನು ಮುಷ್ಟಿಯಲ್ಲಿ ಒತ್ತಿ ನೋಡಿದರು. ಮುಷ್ಟಿ ಬಿಚ್ಚಿದಾಗ ಅದು ಒಡೆಯದೆ ನಿಂತಿತು.

"ಹಿಡೀತು," ಎಂದರು.

ಹಿಡಿಯೂವಷ್ಟು! ಅವರು ಹೇಳಿದ್ದು ಒಂದು ಹಿಡಿಯೆಂದಲ್ಲ; ಉಂಡೆ ಹಿಡಿಯುವಷ್ಟು ಎಂದು. ಅಳತೆಯನ್ನು ಅವರು ಮೊದಲ ದಿನವೇ ಸರಿಯಾಗಿ ಕೊಟ್ಟಿದ್ದರು. ಅದನ್ನು ಕೇಳುವ ಕಿವಿ ನನ್ನಲ್ಲಿರಲಿಲ್ಲ.

ಆ ದಿನ ನಾನು ತೂಗಿ ಬರೆದಿಟ್ಟ ಲೆಕ್ಕ ಇದು. ಅಂಟು 100 ಗ್ರಾಂ, ತುರಿದ ಒಣಕೊಬ್ಬರಿ 250, ಬೀಜ ತೆಗೆದು ಕುಟ್ಟಿದ ಉತ್ತತ್ತಿ 200, ಬಾದಾಮಿ, ಗೋಡಂಬಿ, ಒಣದ್ರಾಕ್ಷಿ ತಲಾ 50, ಗಸಗಸೆ 25, ತುಪ್ಪ ಸುಮಾರು 150, ಬೆಲ್ಲ 300 ಗ್ರಾಂ. ಹುರಿದು ಪುಡಿ ಮಾಡಿದ ಮೆಂತ್ಯ, ಒಣಶುಂಠಿಯ ಪುಡಿ ಒಂದೊಂದು ಚಮಚ; ನಾಲ್ಕೈದು ಏಲಕ್ಕಿ, ಚೂರು ಜಾಜಿಕಾಯಿ. ದ್ರಾಕ್ಷಿಯನ್ನೂ ಬಾದಾಮಿ, ಗೋಡಂಬಿಗಳನ್ನೂ ಅಂಟು ಕರಿದ ತುಪ್ಪದಲ್ಲಿಯೇ ಬಾಡಿಸಿಕೊಳ್ಳಬಹುದು. ಮಿಶ್ರಣ ಬಿಸಿಯಾಗಿರುವಾಗಲೇ ಉಂಡೆ ಕಟ್ಟಬೇಕು, ಇಲ್ಲವೇ ತುಪ್ಪ ಸವರಿದ ತಟ್ಟೆಗೆ ಒತ್ತಿ ಕತ್ತರಿಸಬೇಕು. ಮಹಾಲಿಂಗಪುರದ ಬೆಲ್ಲ ಸಿಗದಿದ್ದರೆ ಮಂಡ್ಯದ ಅಚ್ಚುಬೆಲ್ಲವೂ ಆದೀತು. ನಾನು ಬಳಸಿದ್ದು ಅದನ್ನೇ. ಇದು ಬಾಣಂತಿಗೆ ಬಲ ಕೊಡುತ್ತದೆಂಬುದು ಹಿರಿಯರ ನಂಬಿಕೆ. ತುಪ್ಪ, ಬೆಲ್ಲ, ಕೊಬ್ಬರಿಗಳ ಪುಷ್ಟಿಯಂತೂ ಇದೆ; ಆದರೆ ಔಷಧವೆಂದು ತಿಳಿಯಬಾರದು. ಮಧುಮೇಹವಿದ್ದವರು ವೈದ್ಯರನ್ನು ಕೇಳಿಯೇ ತಿನ್ನುವುದು ಲೇಸು.

ಪರಊರಿನ ತಿನಿಸನ್ನು ಮನೆಯಲ್ಲಿ ಮಾಡಲು ಹೊರಡುವ ಸೋದರಿಯರಿಗೆ ನನ್ನ ಅನುಭವದಿಂದ ಒಂದು ಮಾತು. ನಮ್ಮ ಬೆಲ್ಲ ಬೇರೆ, ನಮ್ಮ ಉರಿ ಬೇರೆ, ನಮ್ಮ ಹವೆ ಬೇರೆ. ಆದುದರಿಂದ ಮಾರ್ಪಾಡು ಮಾಡಿಕೊಳ್ಳದೆ ವಿಧಿಯಿಲ್ಲ. ಎಷ್ಟು ಎಂದು ಕೇಳುವುದರ ಜೊತೆಗೆ ಏಕೆ ಎಂದೂ ತಿಳಿದುಕೊಂಡರೆ ಎಲ್ಲಿ ಬದಲಿಸಬಹುದು, ಎಲ್ಲಿ ಬದಲಿಸಬಾರದು ಎಂಬುದು ತಿಳಿಯುತ್ತದೆ. ಮನೆಯಲ್ಲಿ ಹಿರಿಯರಿದ್ದರೆ ಪುಸ್ತಕ ಹಿಡಿದು ಅವರ ಮುಂದೆ ಕೂರಬೇಡಿ. ಒಲೆ ಹೊತ್ತಿಸಿ, ಅವರನ್ನು ಹತ್ತಿರ ಕೂರಿಸಿಕೊಂಡು ಧೈರ್ಯವಾಗಿ ತಪ್ಪು ಮಾಡಿ. ಅದಕ್ಕೆ ಇನ್ನೂ ಹೊತ್ತಿರುವಾಗಲೇ ಮಾಡಿ.

ಮಗಳಿಗೆ ಹೆಣ್ಣು ಮಗುವಾಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಕೆಲವು ದಿನಗಳ ಮೇಲೆ, ಹಾಲಿನ ಲೋಟದ ಜೊತೆಗೆ ಅವಳ ಕೈಗೆ ಒಂದು ಉಂಡೆ ಕೊಟ್ಟೆ. ಅವಳು ಕಚ್ಚಿ, ಕಣ್ಣು ಮುಚ್ಚಿ, "ಅಜ್ಜಿಯದೇ" ಎಂದಳು. ಅಜ್ಜಿ ಆಗ ಯಾವ ಲೋಕದಲ್ಲಿದ್ದರೋ, "ಯಾರಿಗೆ ಹೆರಿಗಿ ಆತು?" ಎಂದು ನನ್ನನ್ನು ಕೇಳಿದರು. ಹೇಳಿದೆ. ಅವರಿಗೂ ಒಂದು ಚೂರು ಕೊಟ್ಟೆ. ನಿಧಾನವಾಗಿ ಚಪ್ಪರಿಸಿ, ನನ್ನ ಕಡೆ ತಿರುಗಿ ತೀರ್ಪು ಕೊಟ್ಟರು:

"ಇನ್ನೊಂಚೂರು ಜಾಜಿಕಾಯಿ ಬೇಕಾಗಿತ್ತು."