ಟಕ್ಸ್ ಹಿಡಿದ ಹಾಯಿ

ಆಫೀಸ್ ಕೆಲಸದ ಮೇಲೆ ನ್ಯೂಯಾರ್ಕ್‌ಗೆ ಹೋದವರು ಟೈಮ್ಸ್ ಸ್ಕ್ವೇರ್, ಲಿಬರ್ಟಿ ಪ್ರತಿಮೆ ನೋಡಿ ಬರ್ತಾರೆ. ಬೇಸಿಗೆಯ ಒಂದು ಶನಿವಾರ ಬೆಳಿಗ್ಗೆ ಬಿಡುವಿದ್ದರೆ ಸೆಂಟ್ರಲ್ ಪಾರ್ಕ್‌ನ ಕನ್ಸರ್ವೇಟರಿ ವಾಟರ್‌ಗೂ ಹೋಗಿ. ಐದನೇ ಅವೆನ್ಯೂ ಕಡೆಯಿಂದ 72ನೇ ಬೀದಿ ಹತ್ತಿರ ಒಳಗೆ ನಡೆದರೆ ಸಿಗುವ ಪುಟ್ಟ ಕೊಳ ಅದು. ಪಕ್ಕದಲ್ಲಿ ಗಾಜಿನ ಸಸ್ಯಾಗಾರ ಕಟ್ಟುವ ಯೋಜನೆಯಿತ್ತು. ಅದು ಆಗಲಿಲ್ಲ, ಹೆಸರು ಉಳೀತು. ಇ. ಬಿ. ವೈಟ್ ಅವರ 1945ರ ‘ಸ್ಟುವರ್ಟ್ ಲಿಟಲ್’ ಪುಸ್ತಕದ ಪುಟಾಣಿ ದೋಣಿ ಓಡಿಸಿದ್ದು ಇಲ್ಲೇ.

ಇಲ್ಲಿ ಮಾದರಿ ಹಾಯಿದೋಣಿಗಳು ಓಡುತ್ತವೆ, ಬಾಡಿಗೆಗೂ ಸಿಗುತ್ತವೆ. ರಿಮೋಟ್ ಇರೋದು ಚುಕ್ಕಾಣಿ ತಿರುಗಿಸೋಕೆ, ಹಾಯಿಯ ಹಗ್ಗ ಬಿಗಿ-ಸಡಿಲ ಮಾಡೋಕೆ ಅಷ್ಟೇ. ದೋಣಿಯನ್ನ ತಳ್ಳೋದು ಗಾಳಿಯೇ. ಸುತ್ತ ಮರ, ಅದರಾಚೆ ಎತ್ತರದ ಕಟ್ಟಡ. ಹಾಗಾಗಿ ಗಾಳಿ ಒಮ್ಮೆ ಬರುತ್ತೆ, ಒಮ್ಮೆ ಮಾಯ.

ಹಾಯಿ ಇಲ್ಲದ ಒಂದು ಹಳೇ ದೋಣಿ ನನ್ನ ಕೈಗೆ ಬಂದಿತ್ತು. ವಾಪಸ್ ಹೊರಡೋಕೆ ಮೂರು ಶನಿವಾರ ಬಾಕಿ. ಮೊದಲ ಪ್ರಶ್ನೆ, ಯಾವ ಬಟ್ಟೆ? ಗಾಳಿಪಟಕ್ಕೆ ಹಾಕುವ ರಿಪ್‌ಸ್ಟಾಪ್ ನೈಲಾನ್ ಹಗುರ, ಬಣ್ಣಬಣ್ಣದ್ದು ಸಿಗುತ್ತೆ. ಆದರೆ ನೀರು ತಾಗಿದರೆ ಹಿಗ್ಗುತ್ತೆ, ಹಾಯಿ ಆಕಾರ ಕೆಡುತ್ತೆ. ಪಾಲಿಯೆಸ್ಟರ್ ಬಟ್ಟೆ ವಾಸಿ. ನಾನು ಆರಿಸಿದ್ದು 50 ಮೈಕ್ರಾನ್ ದಪ್ಪದ ಪಾಲಿಯೆಸ್ಟರ್ ಫಿಲ್ಮ್. ಹಿಂದೆ ಇಂಜಿನಿಯರ್‌ಗಳು ಡ್ರಾಯಿಂಗ್ ಬರೆಯುತ್ತಿದ್ದ ಅರೆಪಾರದರ್ಶಕ ಹಾಳೆ ಇದೆಯಲ್ಲ, ಅದೇ ಜಾತಿ. ನೀರು ಕುಡಿಯಲ್ಲ, ಸುಲಭಕ್ಕೆ ಜಗ್ಗಲ್ಲ. ಮಡಚಿದರೆ ಮಾತ್ರ ಗೆರೆ ಹೋಗಲ್ಲ. ಸುರುಳಿ ಸುತ್ತಿಯೇ ಇಡಬೇಕು.

ಇದಕ್ಕಿಂತ ಕಷ್ಟದ್ದು ಆಕಾರ. ಎದುರುಗಾಳಿಗೆ ಓರೆಯಾಗಿ ಸಾಗುವಾಗ ಹಾಯಿ ವಿಮಾನದ ರೆಕ್ಕೆಯಂತೆ ಕೆಲಸ ಮಾಡುತ್ತೆ, ಅದಕ್ಕೆ ಉಬ್ಬು ಬೇಕು. 20 ಸೆಂ.ಮೀ. ಅಗಲಕ್ಕೆ ಸುಮಾರು ಒಂದೂವರೆ ಸೆಂ.ಮೀ., ಅದೂ ನಡುವಿಗಿಂತ ಸ್ವಲ್ಪ ಮುಂದೆ, ಕಂಬದ ಕಡೆಗೆ. ಚಪ್ಪಟೆ ಹಾಳೆಯಿಂದ ಅದನ್ನ ತರೋದು ಹೇಗೆ? ಹಾಯಿಯನ್ನ ಅಡ್ಡಡ್ಡ ಮೂರ್ನಾಲ್ಕು ಪಟ್ಟಿಯಾಗಿ ಕತ್ತರಿಸಿ, ಪ್ರತಿ ಪಟ್ಟಿಯ ಒಂದು ಅಂಚನ್ನ ಒಂದೆರಡು ಮಿ.ಮೀ. ಬಾಗಿಸಿ, ಪಕ್ಕದ ಪಟ್ಟಿಯ ನೇರ ಅಂಚಿಗೆ ಡಬಲ್ ಸೈಡ್ ಟೇಪಿನಿಂದ ಅಂಟಿಸಬೇಕು.

ಕೊಳದ ಬೆಂಚಿನ ಮೇಲೆ ಕೂತು ವಿಡಿಯೊ ಕಾಲ್‌ನಲ್ಲಿ ಅಮ್ಮನಿಗೆ ಇದನ್ನೆಲ್ಲ ವಿವರಿಸ್ತಿದ್ದೆ. ಮೂವತ್ತು ವರ್ಷ ಬ್ಲೌಸ್ ಹೊಲಿದವಳು. ಗಿರಾಕಿಗಳು ರೆಡಿಮೇಡ್ ಕಡೆ ಹೋದ ಮೇಲೆ ಮಿಶಿನ್‌ಗೆ ಕವರ್ ಹಾಕಿ ಎರಡು ವರ್ಷ ಆಗಿತ್ತು.

“ಇಷ್ಟುದ್ದ ಯಾಕೋ ಹೇಳ್ತೀಯ? ಟಕ್ಸ್ ಹಿಡಿದ ಹಾಗೆ ತಾನೆ?” ಅಂದಳು.

ಹೌದಲ್ಲ! ಚಪ್ಪಟೆ ಬಟ್ಟೆಗೆ ಉಬ್ಬು ಕೊಡೋದೇ ಟಕ್ಸ್. ನೇಯ್ದ ಬಟ್ಟೆಯಾದರೆ ಹಾಯಿಯ ಹಿಂದಿನ ಅಂಚಿಗೆ ನೂಲು ನೇರ ಬರಬೇಕು ಅಂದೆ. “ಮತ್ತೆ? ಕ್ರಾಸ್ ಬಂದ್ರೆ ಜಗ್ಗಲ್ವಾ?” ಆಮೇಲೆ ಅವಳದೇ ಪ್ರಶ್ನೆಗಳು: ಟೇಪು ನೀರಲ್ಲಿ ಬಿಡಲ್ವಾ? ಮೂಲೆಗೆ ಒಳಗಿಂದ ಒಂದು ತುಂಡು ಕೊಟ್ಟಿದ್ದೀಯಾ? ನಾನು ಕೊಟ್ಟಿರಲಿಲ್ಲ, ಅವತ್ತೇ ಕೊಟ್ಟೆ.

ಮೂರನೇ ಶನಿವಾರ ದೋಣಿ ಕೊಳ ದಾಟಿತು. ಫೋನ್ ಆ ಕಡೆ ತಿರುಗಿಸಿ ಹಿಡಿದೆ. ಅಮ್ಮ ದೋಣಿ ನೋಡಲಿಲ್ಲ, ಹಾಯಿಯನ್ನೇ ನೋಡಿದಳು. “ಮೇಲ್ಗಡೆ ಪಟ್ಟಿ ಸ್ವಲ್ಪ ಸುಕ್ಕು. ಬರುವಾಗ ಅದನ್ನ ತಗೊಂಡು ಬಾ, ಅಳತೆಗೆ ಇಟ್ಕೊಂಡು ಇನ್ನೊಂದು ಕತ್ತರಿಸೋಣ.”