ಅಟ್ಟ ಹತ್ತಿದ ಫೋನು

ಶುಕ್ರವಾರ ಬೆಳಗ್ಗೆ ಆಫೀಸಿನ ಮೀಟಿಂಗ್ ಮಧ್ಯೆ ಪಕ್ಕದ ತೋಟದವರ ನಂಬರಿನಿಂದ ಕಾಲ್ ಬಂತು. ಎತ್ತಿದರೆ ಅಪ್ಪ.

"ಫೋನು ತೊಟ್ಟಿಗೆ ಬಿತ್ತು ಕಣೋ. ವಾಲ್ ತಿರುಗ್ಸಾಕೆ ಬಗ್ಗಿದ್ದೆ, ಜೇಬಿಂದ ಜಾರ್‌ಬಿಡ್ತು."

ನಮ್ಮದು ತುರುವೇಕೆರೆ ಕಡೆಯ ಹಳ್ಳಿ. ತೆಂಗಿನ ತೋಟದ ಮೂಲೆಯಲ್ಲಿ ಬೋರ್‌ವೆಲ್ ನೀರು ತುಂಬುವ ಸಿಮೆಂಟ್ ತೊಟ್ಟಿ ಇದೆ. ಸೊಂಟದ ಮಟ್ಟದ ನೀರಿನಲ್ಲಿ ತಡಕಾಡಿ ಫೋನು ಹೊರಗೆ ತೆಗೆಯುವಷ್ಟರಲ್ಲಿ ಐದು ನಿಮಿಷ ಆಗಿತ್ತಂತೆ.

ದಿನವಿಡೀ ಬೇರೆಯವರ ಸಿಸ್ಟಮ್ ಸರಿ ಮಾಡಿ ಸಂಬಳ ತಗೊಳ್ಳೋ ನಾನು ಕೊಟ್ಟ ಮೊದಲ ಸಲಹೆ, "ಒಂದ್ಸಲ ಆನ್ ಮಾಡಿ ನೋಡಿ." ಆನ್ ಆಯ್ತು. ಒಂದು ನಿಮಿಷ ಬೆಳಕು ಬಂದು, ಬಿಸಿಯಾಗಿ, ಆರಿಹೋಯ್ತು. ಎರಡನೆಯ ಸಲಹೆ, "ಅಕ್ಕಿ ಡಬ್ಬಿಯಲ್ಲಿ ಹೂತಿಡಿ." ಎರಡೂ ತಪ್ಪು ಅಂತ ಆಮೇಲೆ ಗೊತ್ತಾಯ್ತು.

"ಹೋಗ್ಲಿ ಬಿಡಿ, ಹೇಗೂ ಹಳೇದು. ಹೊಸದು ತರ್ತೀನಿ" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ.

"ಅದ್ರಲ್ಲಿ ಲೆಕ್ಕ ಐತೆ ಕಣೋ."

ಅಪ್ಪನಿಗೆ ಫೋನಿನಲ್ಲಿ ಟೈಪ್ ಮಾಡೋದು ಒಗ್ಗಲಿಲ್ಲ. ಅದಕ್ಕೇ ಐದು ವರ್ಷದ ಹಿಂದೆ ವಾಯ್ಸ್ ರೆಕಾರ್ಡರ್ ತೋರಿಸಿಕೊಟ್ಟಿದ್ದೆ. ಅಂದಿನಿಂದ ದಿನಾ ರಾತ್ರಿ ಊಟ ಆದಮೇಲೆ ಎಷ್ಟು ಕಾಯಿ ಕೆಡವಿದ್ದು, ಸುಲಿದವರಿಗೆ ಎಷ್ಟು ಕೂಲಿ, ಯಾರಿಗೆ ಎಷ್ಟು ಮುಂಗಡ ಎಲ್ಲವನ್ನೂ ಅದಕ್ಕೆ ಹೇಳಿ ಮಲಗುತ್ತಿದ್ದರು. ಅದನ್ನೆಲ್ಲ ಬ್ಯಾಕಪ್ ಮಾಡಬೇಕು ಅಂತ ನನಗೆ ಒಂದು ದಿನವೂ ಹೊಳೆದಿರಲಿಲ್ಲ.

ಸಂಜೆ ತಿಪಟೂರಿನ ರೈಲು ಹತ್ತಿದೆ. ದಾರಿಯುದ್ದಕ್ಕೂ ಫೋನಿನಲ್ಲಿ ಇದನ್ನೇ ಓದಿದೆ. ಒದ್ದೆ ಐಫೋನನ್ನು ಅಕ್ಕಿಯಲ್ಲಿ ಇಡಬೇಡಿ, ಅಕ್ಕಿಯ ಸಣ್ಣ ಕಣಗಳು ಒಳಗೆ ಸೇರಿ ಹಾಳಾಗಬಹುದು ಅಂತ ಆಪಲ್ ಕಂಪನಿಯೇ 2024ರಲ್ಲಿ ಹೇಳಿತ್ತು. ಬಾಕ್ಸ್ ಮೇಲೆ ಐಪಿ68 ಅಂತ ಇದ್ದರೂ ಪೂರ್ತಿ ನಂಬುವಂತಿಲ್ಲ. ಆ ಪರೀಕ್ಷೆ ಹೊಸ ಫೋನಿಗೆ, ಸಿಹಿನೀರಿನಲ್ಲಿ ಮಾಡಿದ್ದು. ವರ್ಷ ಕಳೆದಂತೆ, ಕೆಳಗೆ ಬಿದ್ದು ಎದ್ದಂತೆ ಒಳಗಿನ ಸೀಲ್ ಸಡಿಲವಾಗುತ್ತದೆ.

ಮನೆಗೆ ಬಂದು ನೋಡಿದರೆ ಅಕ್ಕಿ ಡಬ್ಬಿಯಲ್ಲಿ ಫೋನಿಲ್ಲ.

"ಅಟ್ಟದ ಮೇಲೆ ಇಟ್ಟಿದೀನಿ. ಅಕ್ಕಿ ಒಳಗೆ ಗಾಳಿ ಎಲ್ಲಿಂದ ಬರ್ತೈತೆ? ಹಸಿ ಕೊಬ್ಬರಿ ಮೂಟೆ ಕಟ್ಟಿದ್ರೆ ಬೂಷ್ಟು ಹಿಡಿಯಲ್ವಾ?"

ನಮ್ಮ ಕಡೆ ಉಂಡೆ ಕೊಬ್ಬರಿ ಆಗೋದು ಅಟ್ಟದಲ್ಲೇ. ಇಡೀ ಕಾಯಿ ವರ್ಷದ ಹತ್ತಿರ ಹತ್ತಿರ ಅಲ್ಲೇ ಕೂತು, ನೀರು ಇಂಗಿ, ಅಲ್ಲಾಡಿಸಿದರೆ ಗಿಟುಕು ಒಳಗೆ ಲೊಟಲೊಟ ಅನ್ನಬೇಕು. ಅಷ್ಟರೊಳಗೆ ಒಡೆದು ನೋಡಿದರೆ ಆ ಕಾಯಿ ಕೆಟ್ಟಂತೆ. ಫೋನನ್ನು ಆನ್ ಮಾಡಿ ನೋಡಿ ಅಂದ ನಾನು ಮಾಡಿದ್ದೂ ಅದನ್ನೇ.

ಆದರೆ ಅಟ್ಟ ಒಂದೇ ಸಾಲದು. ಮಾರನೆಯ ಬೆಳಗ್ಗೆ ಅಪ್ಪನ ಜೊತೆ ತಿಪಟೂರಿನ ರಿಪೇರಿ ಅಂಗಡಿಗೆ ಹೋದೆ. ಹುಡುಗ ಹಿಂಬದಿ ಬಿಚ್ಚಿ ಮೊದಲು ಬ್ಯಾಟರಿ ಕನೆಕ್ಷನ್ ತೆಗೆದ. ಒಳಗಿನ ಪುಟ್ಟ ಬಿಳಿ ಸ್ಟಿಕ್ಕರ್ ಕೆಂಪಾಗಿತ್ತು, ಅಂದರೆ ನೀರು ಮುಟ್ಟಿದೆ ಅಂತ. ಚಾರ್ಜಿಂಗ್ ಪಿನ್ ಸುತ್ತ ಬಿಳಿ ಪುಡಿ ಕಟ್ಟಿತ್ತು.

"ಬೋರ್ ನೀರಾ ಅಣ್ಣ? ಒದ್ದೆ ಇದ್ದಾಗ ಆನ್ ಮಾಡಿದ್ರಾ?"

ನಾನು ಬಾಯಿ ತೆರೆಯುವ ಮೊದಲೇ ಅಪ್ಪ, "ಹೂಂ, ನಾನೇ ಮಾಡ್ಬಿಟ್ಟೆ" ಅಂದರು.

ಹುಡುಗ ಬಿಡಿಸಿ ಹೇಳಿದ. ನೀರು ಆರಿದರೂ ಅದರಲ್ಲಿದ್ದ ಲವಣ ಆರಲ್ಲ, ಹಂಡೆಗೆ ಬಿಳಿ ಕರೆ ಕಟ್ಟಿದ ಹಾಗೆ ಬೋರ್ಡ್ ಮೇಲೆ ಉಳಿಯುತ್ತದೆ. ಒದ್ದೆ ಇರುವಾಗಲೇ ಕರೆಂಟ್ ಹರಿದರೆ ಲೋಹವನ್ನೇ ತಿನ್ನುತ್ತದೆ. ಅದಕ್ಕೇ ಒಣಗಿಸಿದರೆ ಸಾಲದು, ತೊಳೆಯಬೇಕು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಮೆತ್ತನೆಯ ಬ್ರಶ್ ಅದ್ದಿ ಒಂದು ಗಂಟೆ ಉಜ್ಜಿದ. ಡಿಸ್ಪ್ಲೇ ಹೋಗಿತ್ತು. ಬೇರೊಂದು ಡಿಸ್ಪ್ಲೇ ಸಿಕ್ಕಿಸಿ ಬಟನ್ ಒತ್ತಿದಾಗ ಬೆಳಕು ಬಂತು.

"ಇದನ್ನ ನಂಬ್ಕೋಬೇಡಿ, ಮೊದ್ಲು ಬೇಕಾದ್ದು ಕಾಪಿ ಮಾಡ್ಕೊಳಿ" ಅಂದ. ಲ್ಯಾಪ್‌ಟಾಪ್ ತೆಗೆದು ಅಲ್ಲೇ ಕೂತೆ.

ನಿಮ್ಮ ಫೋನು ನೀರಿಗೆ ಬಿದ್ದರೆ ನನ್ನಂತೆ ಮಾಡಬೇಡಿ. ತಕ್ಷಣ ಆಫ್ ಮಾಡಿ, ಮತ್ತೆ ಆನ್ ಮಾಡಬೇಡಿ, ಚಾರ್ಜಿಗೆ ಹಾಕಲೇಬೇಡಿ. ಸಿಮ್ ತೆಗೆದು, ಒರೆಸಿ, ಪೋರ್ಟ್ ಕೆಳಮುಖ ಮಾಡಿ ಮೆಲ್ಲಗೆ ತಟ್ಟಿ. ಹೇರ್ ಡ್ರೈಯರ್ ಬೇಡ, ಗಾಳಿ ಆಡುವ ಕಡೆ ಇಡಿ. ಆದಷ್ಟು ಬೇಗ ಬಿಚ್ಚಿ ತೊಳೆಯುವವರ ಹತ್ತಿರ ಒಯ್ಯಿರಿ. ಇದೆಲ್ಲಕ್ಕಿಂತ ಮುಖ್ಯ, ಇವತ್ತೇ ಮನೆಯವರ ಫೋನಿನ ಬ್ಯಾಕಪ್ ಆನ್ ಇದೆಯಾ ನೋಡಿ. ನಮ್ಮದನ್ನು ನಾವು ನೋಡಿಕೊಂಡಿರುತ್ತೇವೆ, ಅವರದ್ದನ್ನಲ್ಲ.

ಕಾಪಿ ಮುಗಿದಾಗ ಸರಿಯಾಗಿದೆಯಾ ನೋಡೋಣ ಅಂತ ಮೂರು ವರ್ಷದ ಹಿಂದಿನ ಒಂದು ಫೈಲ್ ಹಾಕಿದೆ. ಅಪ್ಪನ ದನಿ: "ಕಾಯಿ ಸುಲಿದೋರಿಗೆ ಎರಡು ಸಾವಿರ..." ಹಿಂದೆ ಪಾತ್ರೆ ಸದ್ದು. ನಡುವೆ ಇನ್ನೊಂದು ದನಿ: "ಎರಡು ಸಾವಿರ ಅಲ್ಲ ರೀ, ಸಾವಿರದ ಎಂಟ್ನೂರು. ಇನ್ನೂರು ಮೊನ್ನೇನೇ ಕೊಟ್ಟಿದ್ದೀರಲ್ಲ!"

ಅಮ್ಮ. ಅವಳು ಹೋಗಿ ಎರಡು ವರ್ಷ ಆಯ್ತು.

ಅಂಗಡಿಯ ಹುಡುಗ ತಲೆ ಎತ್ತಲಿಲ್ಲ. ಅಪ್ಪ ರಸ್ತೆ ಕಡೆ ನೋಡುತ್ತಾ, "ಹೂಂ, ಇನ್ನೂರು ಮೊದ್ಲೇ ಕೊಟ್ಟಿದ್ದೆ" ಅಂದರು.