ಮಳೆಗೂ ಪರೀಕ್ಷೆಗೂ ನಡುವೆ ಒಂದು ಮೈದಾನ

ಮಂಗಳೂರಿನಿಂದ ಉಡುಪಿಯತ್ತ ಸಾಗುವ ಪ್ರಯಾಣಿಕನಿಗೆ ಪಡುಬಿದ್ರಿಯನ್ನು ದಾಟಿದ ಮೇಲೆ ಎಡಗಡೆಯ ತೆಂಗಿನ ತೋಟಗಳ ಮರೆಯಲ್ಲಿ ಕಡಲು ಜೊತೆಯಾಗುತ್ತದೆ. ಎರ್ಮಾಳಿನ ಬಳಿಕ ಬರುವುದೇ ಉಚ್ಚಿಲ. ಮೊಗವೀರ ಸಮಾಜದ ಮಹಾಲಕ್ಷ್ಮೀ ದೇವಸ್ಥಾನದಿಂದ ಹೆಸರಾದ ಊರು. ದೇವಿಯ ದರ್ಶನ ಪಡೆದು, ಮುಂದೆ ಕಾಪುವಿನಲ್ಲಿ 1901ರ ದೀಪಸ್ತಂಭವನ್ನು ನೋಡಿ ಹಿಂದಿರುಗುವವರು ಅನೇಕರು. ಈ ಸೀಮೆಯ ಸರಕಾರಿ ಪ್ರೌಢಶಾಲೆಗಳ ಮೈದಾನದತ್ತ ಕಣ್ಣು ಹಾಯಿಸುವವರು ವಿರಳ. ಆದರೆ ಕರಾವಳಿಯ ಮಕ್ಕಳ ಕಸುವನ್ನು ಕಾಣಬಯಸುವವರು ಅಲ್ಲಿಯೇ ಒಂದು ಗಳಿಗೆ ನಿಲ್ಲಬೇಕು.

ಇಲ್ಲಿಗೆ ಬರುವವರು ಮೀನುಗಾರರ, ಬೀಡಿ ಕಟ್ಟುವವರ, ಕೂಲಿಕಾರರ ಮಕ್ಕಳು. ತರಗತಿಯಲ್ಲಿ ಕನ್ನಡ, ಮೈದಾನಕ್ಕಿಳಿದರೆ ತುಳು. ಕೈರಂಪಣಿ ಬಲೆಯನ್ನು ಹಿರಿಯರೊಡನೆ ದಡಕ್ಕೆಳೆದ ಹುಡುಗನಿಗೆ ಹಗ್ಗಜಗ್ಗಾಟವನ್ನು ಯಾರೂ ಕಲಿಸಬೇಕಾಗಿಲ್ಲ. ಹೊಯಿಗೆಯ ಮೇಲೆ ಬರಿಗಾಲಲ್ಲಿ ಓಡಿ ಬೆಳೆದವರ ಮೀನಖಂಡಗಳಿಗೆ ಗಟ್ಟಿ ನೆಲದ ಓಟವು ಹಗುರವೇ ಸರಿ.

ಕೊರತೆಯಿರುವುದು ಕಾಲದ್ದು. ಜೂನ್ ತಿಂಗಳಿನಲ್ಲಿ ಪಾಠಗಳು ಮೊದಲಾಗುತ್ತಲೇ ಮಳೆಯೂ ಹಿಡಿಯುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ನಾಡಿನಲ್ಲಿ ಮೈದಾನವು ಕೆರೆಯಾಗುತ್ತದೆ. ಮಳೆ ಕೊಂಚ ಹೊಳವಾದರೆ ದೈಹಿಕ ಶಿಕ್ಷಕರು ಸುಣ್ಣದ ಗೆರೆ ಎಳೆಯುತ್ತಾರೆ. ಮರುದಿನದ ಮಳೆ ಅದನ್ನು ಅಳಿಸುತ್ತದೆ. ಅಷ್ಟರಲ್ಲಿಯೇ ವಲಯ, ತಾಲೂಕು, ಜಿಲ್ಲೆಯ ಕ್ರೀಡಾಕೂಟಗಳು ಒಂದರ ಹಿಂದೆ ಒಂದು ಬಂದುಬಿಡುತ್ತವೆ. ಕೆಸರಿನಲ್ಲಿ ಅಭ್ಯಾಸ ಮಾಡಿದ ಬಾಲಕಿಯು ಉಡುಪಿಯ ಅಜ್ಜರಕಾಡು ಕ್ರೀಡಾಂಗಣದ ಕೃತಕ ಓಟಪಥದ ಮೇಲೆ ಕಾಲಿಟ್ಟಾಗ, ಎದುರಾಳಿಗಿಂತ ಮೊದಲು ಆ ನೆಲಕ್ಕೇ ಹೊಂದಿಕೊಳ್ಳಬೇಕಾಗುತ್ತದೆ.

ಅಲ್ಲಿ ಗೆದ್ದವಳಿಗೆ ವಿಭಾಗ, ರಾಜ್ಯಮಟ್ಟದ ಹಾದಿ ತೆರೆಯುತ್ತದೆ. ಸೋತವಳಿಗೆ ಹತ್ತನೆಯ ತರಗತಿಯ ಪುಸ್ತಕ ಕಾದಿರುತ್ತದೆ. ಮಾರ್ಚ್ ತಿಂಗಳು ಹತ್ತಿರವಾದಂತೆ ಮನೆಯಲ್ಲಿ ಕೇಳಿಬರುವ ಪ್ರಶ್ನೆ ಒಂದೇ: "ಆಟದಿಂದ ಅನ್ನ ಹುಟ್ಟೀತೇ ಮಗಾ?" ಕೇಳುವ ತಾಯಿಯ ತಪ್ಪೇನಿಲ್ಲ. ಬೆಳಗಿನಿಂದ ಮೊರದ ಮುಂದೆ ಕುಳಿತು ಬೀಡಿ ಕಟ್ಟುವವಳಿಗೆ ಮಗಳ ನಾಳೆಯ ಚಿಂತೆ ಇರುವುದು ಸಹಜ.

ಆ ಪ್ರಶ್ನೆಗೆ ಒಂದು ಉತ್ತರವು ಇದೇ ಜಿಲ್ಲೆಯಲ್ಲಿದೆ. ಕಾರ್ಕಳ ತಾಲೂಕಿನ ಹೆರ್ಮುಂಡೆ ಎಂಬ ಹಳ್ಳಿಯ ಮಮತಾ ಪೂಜಾರಿ ಕಬಡ್ಡಿಯನ್ನೇ ನೆಚ್ಚಿ ಬೆಳೆದರು. ಮಹಿಳಾ ಕಬಡ್ಡಿಯು ಏಷ್ಯನ್ ಕ್ರೀಡಾಕೂಟವನ್ನು ಮೊದಲ ಬಾರಿಗೆ ಪ್ರವೇಶಿಸಿದ 2010ರಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿ ಅವರಿದ್ದರು. 2012ರಲ್ಲಿ ಪಾಟ್ನಾದಲ್ಲಿ ವಿಶ್ವಕಪ್ ಗೆದ್ದ ತಂಡಕ್ಕೆ ಅವರೇ ನಾಯಕಿ. 2014ರಲ್ಲಿ ಅರ್ಜುನ ಪ್ರಶಸ್ತಿ ಬಂದಿತು. ರೈಲ್ವೆಯಲ್ಲಿ ಅವರಿಗೆ ಉದ್ಯೋಗವನ್ನು ದೊರಕಿಸಿಕೊಟ್ಟದ್ದೂ ಆಟವೇ.

ಎಲ್ಲರೂ ಮಮತಾ ಆಗಲಾರರು. ಬಹುಮಂದಿಯ ಆಟವು ಶಾಲೆಯ ಕೊನೆಯ ಗಂಟೆಯೊಡನೆ ಮುಗಿಯುತ್ತದೆ. ಆದರೆ ಶುಲ್ಕ ಕೇಳದೆ, ಜಾತಿ ಕೇಳದೆ, ಓಡಬಲ್ಲೆಯಾ ಎಂದಷ್ಟೇ ಕೇಳುವ ಜಾಗ ಈ ಮಕ್ಕಳಿಗೆ ಬೇರೊಂದಿಲ್ಲ. ಮಳೆ ನಿಂತ ಸಂಜೆ, ಪಡುವಣ ಕಡಲಿನತ್ತ ಸೂರ್ಯನು ವಾಲುತ್ತಿರುವಾಗ, ಶಿಕ್ಷಕರು ಸುಣ್ಣದ ಡಬ್ಬಿಯನ್ನೆತ್ತಿಕೊಂಡು ಅಳಿಸಿಹೋದ ಗೆರೆಯನ್ನು ಮತ್ತೆ ಎಳೆಯುತ್ತಾರೆ. ಮಕ್ಕಳು ಚಪ್ಪಲಿಗಳನ್ನು ಬದಿಗೆ ಬಿಟ್ಟು ಸಾಲಾಗಿ ನಿಲ್ಲುತ್ತಾರೆ.